ದಿನ, ಬೆಳೆ, ಕೂಟ: ವನದುರ್ಗ ಪರಿಸರದ ಋತುಭೋಜನ ಹಾಗೂ ಜಪಾನಿನ ಪ್ರವಾಸಿ ಕನ್ನಡ ಕುಟುಂಬ

1. ಪ್ರವೇಶ

ಆಹಾರವನ್ನು ಕುರಿತ ಕನ್ನಡದ ಬರಹ ಪರಂಪರೆ ದೀರ್ಘವಾದುದು. ಹನ್ನೊಂದನೆಯ ಶತಮಾನದ ಎರಡನೆಯ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಅಡುಗೆಗೆ ಪ್ರತ್ಯೇಕ ಸ್ಥಾನವಿದೆ. ಹದಿನಾರನೆಯ ಶತಮಾನದ ಮೂರನೆಯ ಮಂಗರಸನು ‘ಸೂಪಶಾಸ್ತ್ರ’ದಲ್ಲಿ ಪಾಕವಿದ್ಯೆಯನ್ನೇ ಪದ್ಯಕ್ಕೆ ವಸ್ತುವಾಗಿಸಿಕೊಂಡಿದ್ದಾನೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದ ಅನ್ನಭೋಗದ ಭಾಗವೂ ಇದೇ ನೆಲದ ಅರಮನೆಯ ಊಟವನ್ನು ದಾಖಲಿಸಿದೆ. ಈ ಕೃತಿಗಳ ಮುಖ್ಯ ಆಸಕ್ತಿ ಪಾಕದ ವಿಧಾನದಲ್ಲಿದೆ. ಒಂದು ಅಡುಗೆಯನ್ನು ಯಾವ ದಿನ, ಯಾವ ಬೆಳೆಯ ಹಂತದಲ್ಲಿ, ಯಾರೊಡನೆ ಉಣ್ಣಬೇಕು ಎಂಬ ಪ್ರಶ್ನೆಗೆ ಉತ್ತರ ದೊರೆಯುವುದು ಜನಪದರ ಆಚರಣೆಗಳಲ್ಲಿ.

ಯಾದಗಿರಿ ಜಿಲ್ಲೆಯ ಶಹಾಪುರ ತಾಲೂಕಿನ ವನದುರ್ಗ, ಸುರಪುರ ನಾಯಕರ ಆಳ್ವಿಕೆಯ ನೆನಪುಗಳನ್ನು ಉಳಿಸಿಕೊಂಡಿರುವ ಕೋಟೆಯ ಊರು. ಕೃಷ್ಣಾ ಮತ್ತು ಭೀಮಾ ನದಿಗಳ ನಡುವಣ ಈ ಪರಿಸರದ ಕೃಷಿಕರ ವರ್ಷವು ಹುಣ್ಣಿಮೆ-ಅಮಾವಾಸ್ಯೆಗಳ ಊಟದಿಂದ ಅಳೆಯಲ್ಪಡುತ್ತ ಬಂದಿದೆ. ಇದೇ ಪರಿಸರದಿಂದ ಜನರು ಇಂದು ಎರಡು ದಿಕ್ಕುಗಳಿಗೆ ಹೊರಡುತ್ತಿದ್ದಾರೆ. ದುಡಿಮೆಯನ್ನರಸಿ ಬೆಂಗಳೂರು, ಮುಂಬಯಿ, ಪುಣೆ, ಹೈದರಾಬಾದುಗಳಿಗೆ ಗುಳೆ ಹೋಗುವವರು ಒಂದು ಬಗೆಯವರು. ಕರ್ನಾಟಕದ ಎಲ್ಲ ಭಾಗಗಳಿಂದ ಹೊರಟಂತೆ ಇಲ್ಲಿಂದಲೂ ವಿದ್ಯೆ-ಉದ್ಯೋಗಗಳ ದಾರಿಯಲ್ಲಿ ವಿದೇಶಕ್ಕೆ ಹೋಗುವವರು ಇನ್ನೊಂದು ಬಗೆಯವರು. ವಿದೇಶದ ನೆಲೆಗಳಲ್ಲಿ ಜಪಾನ್ ವಿಶೇಷ ಗಮನಕ್ಕೆ ಅರ್ಹವಾದುದು. ಅಲ್ಲಿಯೂ ವರ್ಷವನ್ನು ಊಟದಿಂದ ಅಳೆಯುವ ಪದ್ಧತಿ ಜೀವಂತವಾಗಿದೆ. ಅಲ್ಲಿ ನೆಲೆಸುವ ಕನ್ನಡ ಕುಟುಂಬಕ್ಕೆ ಪರದೇಶದ ಋತುಭೋಜನ ಹೇಗೆ ಸಂತೋಷ ಕೊಡಬಲ್ಲುದು, ಆ ಸಂತೋಷವು ತಾನು ಬಿಟ್ಟುಬಂದ ನೆಲದ ಬಗೆಗೆ ಏನನ್ನು ತಿಳಿಸುತ್ತದೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಋತುಭೋಜನವು ಮೂರು ಕೊಂಡಿಗಳ ಮೇಲೆ ನಿಂತಿದೆ ಎಂಬುದು ಇಲ್ಲಿಯ ಪ್ರತಿಪಾದನೆ. ಮೊದಲನೆಯದು ದಿನ, ಅಂದರೆ ಪಂಚಾಂಗದ ತಿಥಿ. ಎರಡನೆಯದು ಬೆಳೆ, ಅಂದರೆ ಆ ದಿನ ಹೊಲದಲ್ಲಿ ಇರುವುದು. ಮೂರನೆಯದು ಕೂಟ, ಅಂದರೆ ಜೊತೆಗೆ ಕುಳಿತು ಹಂಚಿಕೊಂಡು ಉಣ್ಣುವವರು. ಜಪಾನಿನ ಇತಿಹಾಸದಲ್ಲಿ ದಿನ ಸರಿಯಿತು. ಶಹಾಪುರ-ಸುರಪುರಗಳ ನೆಲದಲ್ಲಿ ಬೆಳೆ ಸರಿಯಿತು. ವಲಸೆ ಹೋದವರ ಬದುಕಿನಲ್ಲಿ ಕೂಟ ಸರಿಯಿತು. ಈ ಮೂರು ಪಲ್ಲಟಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಯಾವುದು ಉಳಿದರೆ ಆಚರಣೆ ಉಳಿಯುತ್ತದೆ ಎಂಬುದು ಸ್ಪಷ್ಟವಾಗುತ್ತದೆ.

2. ಹೆಸರುಗಳಲ್ಲಿ ಉಳಿದ ಋತು

ಉತ್ತರ ಕರ್ನಾಟಕದ ಹುಣ್ಣಿಮೆ-ಅಮಾವಾಸ್ಯೆಗಳ ಹೆಸರುಗಳು ಒಂದು ಕೃಷಿ ನಿಘಂಟು ಎನ್ನಬಹುದು. ಜ್ಯೇಷ್ಠದಲ್ಲಿ ಎತ್ತುಗಳನ್ನು ಸಿಂಗರಿಸಿ ಕರಿ ಹರಿಯುವ ಕಾರ ಹುಣ್ಣಿಮೆ, ಅದರ ಬೆನ್ನಿಗೆ ಮಣ್ಣೆತ್ತಿನ ಅಮಾವಾಸ್ಯೆ. ಆಷಾಢದಲ್ಲಿ ಕಡ್ಲಿಗಡಬಿನ ಹುಣ್ಣಿಮೆ. ಶ್ರಾವಣದಲ್ಲಿ ಜೋಳದ ಅಳ್ಳು, ಬಗೆಬಗೆಯ ಉಂಡಿ ಮತ್ತು ಜೋಕಾಲಿಗಳ ಪಂಚಮಿ. ಆಶ್ವೀಜದಲ್ಲಿ ಸೀಗಿ ಹುಣ್ಣಿಮೆ, ಕಾರ್ತಿಕದಲ್ಲಿ ಸಕ್ಕರೆ ಆರತಿಯ ಗೌರಿ ಹುಣ್ಣಿಮೆ, ಮಾರ್ಗಶಿರದ ಕೊನೆಗೆ ಎಳ್ಳ ಅಮಾವಾಸ್ಯೆ. ಪಂಚಾಂಗಕರ್ತರ ಸಂಸ್ಕೃತ ಹೆಸರುಗಳ ಪಕ್ಕದಲ್ಲಿ ಈ ದೇಸಿ ಹೆಸರುಗಳು ಬೇರೊಂದು ಪಂಚಾಂಗವನ್ನೇ ಕಟ್ಟಿವೆ.

ಇದಕ್ಕೆ ಸಮಾನಾಂತರವಾದ ನಾಮಕರಣ ಜಪಾನಿನಲ್ಲಿ ಕಂಡುಬರುವುದು ಗಮನಾರ್ಹ. ಹಳೆಯ ಚಾಂದ್ರ ಗಣನೆಯ ಎಂಟನೆಯ ತಿಂಗಳ ಹುಣ್ಣಿಮೆಗೆ ಅಲ್ಲಿ ‘ಇಮೊ ಮೆಯ್‌ಗೆತ್ಸು’, ಅಂದರೆ ಕೆಸವಿನ ಗಡ್ಡೆಯ ಚಂದ್ರ ಎಂಬ ಹೆಸರಿದೆ. ಮುಂದಿನ ತಿಂಗಳ ಹದಿಮೂರನೆಯ ರಾತ್ರಿಯ ಚಂದ್ರನಿಗೆ ‘ಕುರಿ ಮೆಯ್‌ಗೆತ್ಸು’, ಅಂದರೆ ಚೆಸ್ಟ್‌ನಟ್ ಕಾಯಿಯ ಚಂದ್ರ ಎಂದು ಹೆಸರು. ಚಂದ್ರನನ್ನು ಆ ಹೊತ್ತಿನ ಫಸಲಿನ ಹೆಸರಿನಿಂದ ಕರೆಯುವ ಈ ಮನೋಧರ್ಮ ಕಡ್ಲಿಗಡಬಿನ ಹುಣ್ಣಿಮೆಯ ಮನೋಧರ್ಮಕ್ಕೆ ದೂರದ್ದಲ್ಲ. ವಸಂತ ಮತ್ತು ಶರತ್ಕಾಲಗಳ ವಿಷುವದ ಆಸುಪಾಸಿನ ‘ಹಿಗಾನ್’ ದಿನಗಳಲ್ಲಿ ಹಿರಿಯರಿಗೆ ಅರ್ಪಿಸುವ ಸಿಹಿ ಉಂಡೆಯ ಉದಾಹರಣೆ ಇನ್ನೂ ಸೂಕ್ಷ್ಮವಾದುದು. ಅನ್ನವನ್ನು ಅರ್ಧ ಕುಟ್ಟಿ, ಕೆಂಪು ಅಜುಕಿ ಕಾಳಿನ ಹೂರಣ ಮೆತ್ತಿ ಮಾಡುವ ಈ ಉಂಡೆಗೆ ವಸಂತದಲ್ಲಿ ಬೊತಾನ್ ಹೂವಿನ ನೆನಪಿನಿಂದ ‘ಬೊತಾಮೊಚಿ’ ಎಂದೂ, ಶರತ್ತಿನಲ್ಲಿ ಹಾಗಿ ಹೂವಿನ ನೆನಪಿನಿಂದ ‘ಒಹಾಗಿ’ ಎಂದೂ ಹೆಸರು. ತಿನಿಸು ಒಂದೇ ಆಗಿದ್ದರೂ ಹೆಸರು ಋತುವನ್ನು ಹಿಡಿದುಕೊಂಡಿದೆ.

ಕಾಲಗಣನೆಯ ರಚನೆಯಲ್ಲಿಯೂ ಹೋಲಿಕೆಯಿದೆ. ನಮ್ಮ ರೈತರು ಹಬ್ಬಗಳಿಗೆ ಚಾಂದ್ರಮಾನವನ್ನೂ ಬಿತ್ತನೆಗೆ ಸೂರ್ಯನ ಗತಿಯನ್ನು ಅನುಸರಿಸುವ ಮಳೆ ನಕ್ಷತ್ರಗಳನ್ನೂ ಬಳಸುತ್ತಾರೆ. ಮೃಗಶಿರ, ಆರಿದ್ರಾ, ಹುಬ್ಬಿ, ಉತ್ತರಿ, ಸ್ವಾತಿ ಮುಂತಾದ ಪ್ರತಿಯೊಂದು ಮಳೆಯ ಅವಧಿ ಸುಮಾರು ಹದಿಮೂರು-ಹದಿನಾಲ್ಕು ದಿನ. ಜಪಾನ್ ಕೂಡ ಚೀನಾ ಮೂಲದ ಚಾಂದ್ರ-ಸೌರ ಪಂಚಾಂಗದ ಜೊತೆಗೆ ಸೂರ್ಯನ ಗತಿಯ 24 ಘಟ್ಟಗಳನ್ನೂ, ಅವುಗಳನ್ನು ತಲಾ ಐದು ದಿನಗಳಂತೆ ಒಡೆದ 72 ಕಿರುಋತುಗಳನ್ನೂ ಇಟ್ಟುಕೊಂಡಿತ್ತು. ಹದಿನೇಳನೆಯ ಶತಮಾನದ ಖಗೋಳಜ್ಞ ಶಿಬುಕಾವಾ ಶುನ್‌ಕಾಯಿ ಈ ಕಿರುಋತುಗಳನ್ನು ಜಪಾನಿನ ಹವೆಗೆ ಹೊಂದುವಂತೆ ತಿದ್ದಿದನು. ಅವನು ಸಿದ್ಧಪಡಿಸಿದ ಪಂಚಾಂಗ 1685ರಲ್ಲಿ ಜಾರಿಗೆ ಬಂದಿತು. ಹಾಯ್ಕು ಕವಿಗಳ ಋತುಸೂಚಕ ಪದ ‘ಕಿಗೊ’ ಮತ್ತು ಅಂಥ ಪದಗಳ ಸಂಗ್ರಹ ‘ಸಾಯಿಜಿಕಿ’ ಈ ಹಿನ್ನೆಲೆಯಲ್ಲಿಯೇ ಅರ್ಥವಾಗುವಂಥವು. ಸಾಯಿಜಿಕಿಯಲ್ಲಿ ಹೂ, ಹಕ್ಕಿಗಳೊಡನೆ ತಿನಿಸುಗಳಿಗೂ ಸ್ಥಾನವಿದೆ. ಸೀತನಿ, ಸುಲಗಾಯಿ, ಅಳ್ಳು, ಭಜ್ಜಿಗಳನ್ನು ಋತುಪದಗಳಾಗಿ ಸಂಗ್ರಹಿಸುವ ಇಂಥ ಕೆಲಸ ಕನ್ನಡದಲ್ಲಿಯೂ ನಡೆಯಬೇಕಾಗಿದೆ.

3. ದಿನ ಸರಿದಾಗ: ಜಪಾನಿನ ಅನುಭವ

ಮೆಯಿಜಿ ಸರ್ಕಾರವು ಹಳೆಯ ಪಂಚಾಂಗವನ್ನು ಕೈಬಿಟ್ಟು ಪಾಶ್ಚಾತ್ಯ ಪಂಚಾಂಗವನ್ನು ಅಂಗೀಕರಿಸಿತು. ಹಳೆಯ ಗಣನೆಯ ಐದನೆಯ ವರ್ಷದ ಹನ್ನೆರಡನೆಯ ತಿಂಗಳು ಎರಡೇ ದಿನಗಳಿಗೆ ಮುಗಿದು, ಮಾರನೆಯ ದಿನ 1873ರ ಜನವರಿ 1 ಆಯಿತು. ತಿಂಗಳು ಮತ್ತು ದಿನಗಳ ಸಂಖ್ಯೆಗಳು ಹಾಗೆಯೇ ಉಳಿದವು. ಅವು ಸೂಚಿಸುತ್ತಿದ್ದ ಋತು ಮಾತ್ರ ಸುಮಾರು ಒಂದು ತಿಂಗಳಷ್ಟು ಹಿಂದಕ್ಕೆ ಹೋಯಿತು.

ಇದರ ಪರಿಣಾಮ ಊಟದ ತಟ್ಟೆಯಲ್ಲಿ ಇಂದಿಗೂ ಕಾಣುತ್ತದೆ. ಮೊದಲ ತಿಂಗಳ ಏಳನೆಯ ದಿನ ಏಳು ಬಗೆಯ ಎಳೆಯ ಸೊಪ್ಪುಗಳನ್ನು ಹಾಕಿದ ‘ನಾನಾಕುಸಾ’ ಗಂಜಿಯನ್ನು ಉಣ್ಣುವ ಪದ್ಧತಿಯಿದೆ. ಹಳೆಯ ಗಣನೆಯಲ್ಲಿ ಅದು ವಸಂತದ ಬಾಗಿಲು. ಗದ್ದೆಯ ಬದುವಿನಲ್ಲಿ ಸೊಪ್ಪು ಚಿಗುರುತ್ತಿತ್ತು. ಈಗಿನ ಜನವರಿ 7 ಕಡುಚಳಿಯ ದಿನ. ಸೊಪ್ಪನ್ನು ಹಸಿರುಮನೆಗಳಲ್ಲಿ ಬೆಳೆಸಿ, ಪೊಟ್ಟಣ ಕಟ್ಟಿ ಅಂಗಡಿಗಳಲ್ಲಿ ಮಾರಲಾಗುತ್ತದೆ. ಮಾರ್ಚ್ 3ರ ಹೆಣ್ಣುಮಕ್ಕಳ ಹಬ್ಬಕ್ಕೆ ಪೀಚ್ ಹೂವಿನ ಹಬ್ಬವೆಂಬ ಹೆಸರಿದ್ದರೂ ಹೊರಗಿನ ಮರಗಳು ಆಗಿನ್ನೂ ಹೂತಿರುವುದಿಲ್ಲ. ಜುಲೈ 7ರ ತಾನಾಬಾತಾ ನಕ್ಷತ್ರಗಳ ಹಬ್ಬ. ಹೊಸ ಗಣನೆಯಲ್ಲಿ ಅದು ಮಳೆಗಾಲದ ಮೋಡಗಳ ನಡುವೆ ಬರುತ್ತದೆ.

ಈ ಬಿರುಕಿಗೆ ಜಪಾನಿನ ಸಮಾಜ ಒಂದೇ ಪರಿಹಾರವನ್ನು ಕಂಡುಕೊಳ್ಳಲಿಲ್ಲ. ನಾನಾಕುಸಾದಂಥ ಆಚರಣೆ ಹೊಸ ದಿನಾಂಕಕ್ಕೆ ಹೊಂದಿಕೊಂಡಿತು. ಸೆಂದಾಯ್ ನಗರ ತಾನಾಬಾತಾ ಹಬ್ಬವನ್ನು ಒಂದು ತಿಂಗಳು ತಡವಾಗಿ ಆಗಸ್ಟ್ 6ರಿಂದ 8ರವರೆಗೆ ಆಚರಿಸುತ್ತದೆ. ಹಿರಿಯರ ಹಬ್ಬವಾದ ಒಬೊನ್ ಬಹುತೇಕ ಕಡೆಗಳಲ್ಲಿ ಆಗಸ್ಟ್ ಮಧ್ಯದಲ್ಲಿ ನಡೆಯುತ್ತದೆ. ಚಂದ್ರದರ್ಶನದ ಹಬ್ಬ ‘ತ್ಸುಕಿಮಿ’ ಮಾತ್ರ ಹಳೆಯ ಗಣನೆಯನ್ನು ಬಿಟ್ಟುಕೊಡಲಿಲ್ಲ. ಹುಣ್ಣಿಮೆಯ ಚಂದ್ರನನ್ನು ಸರ್ಕಾರಿ ಆಜ್ಞೆಯಿಂದ ಸರಿಸಲು ಬರುವಂತಿರಲಿಲ್ಲ. ದಿನದ ಕೊಂಡಿ ಸಡಿಲಗೊಂಡರೂ ಊಟ ಉಳಿಯಿತು ಎಂಬುದು ಇಲ್ಲಿ ಮುಖ್ಯ. ಮನೆ ಮತ್ತು ನೆರೆಹೊರೆಯ ಜೊತೆಗೆ ಶಾಲೆಯೂ ಕೂಟವನ್ನು ಹಿಡಿದುಕೊಂಡದ್ದು ಇದಕ್ಕೆ ಒಂದು ಕಾರಣ. 1954ರ ಕಾಯಿದೆಯ ಮೂಲಕ ಶಾಸನದ ಬೆಂಬಲ ಪಡೆದ ಅಲ್ಲಿಯ ಶಾಲಾ ಊಟದಲ್ಲಿ ಹಬ್ಬದ ದಿನಗಳ ತಿನಿಸುಗಳನ್ನು ಬಡಿಸುವ ರೂಢಿಯಿದೆ. 2005ರಲ್ಲಿ ಆಹಾರ ಶಿಕ್ಷಣಕ್ಕೆಂದೇ ಒಂದು ಮೂಲ ಕಾಯಿದೆ ಬಂದಿತು. 2013ರಲ್ಲಿ ಯುನೆಸ್ಕೊ ಜಪಾನಿನ ಸಾಂಪ್ರದಾಯಿಕ ಆಹಾರ ಸಂಸ್ಕೃತಿ ‘ವಾಶೊಕು’ವನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಹೊಸವರ್ಷದ ಆಚರಣೆಯನ್ನು ವಿಶೇಷವಾಗಿ ಹೆಸರಿಸಿತು.

ಈ ಗೌರವದ ಇನ್ನೊಂದು ಮುಖವನ್ನೂ ಮರೆಯುವಂತಿಲ್ಲ. 1962ರಲ್ಲಿ ತಲಾ ವರ್ಷಕ್ಕೆ ಸುಮಾರು 118 ಕಿಲೊ ಇದ್ದ ಜಪಾನಿನ ಅಕ್ಕಿಯ ಬಳಕೆ ನಂತರದ ದಶಕಗಳಲ್ಲಿ ಅರ್ಧಕ್ಕೆ ಇಳಿಯಿತು. ದಿನನಿತ್ಯದ ಊಟ ಬದಲಾಗುತ್ತಿದ್ದಂತೆಯೇ ಹಬ್ಬದ ಊಟಕ್ಕೆ ಪರಂಪರೆಯ ಪಟ್ಟ ದೊರೆತಿದೆ.

4. ಬೆಳೆ ಸರಿದಾಗ: ಶಹಾಪುರ-ಸುರಪುರದ ನೆಲ

ವನದುರ್ಗ ಪರಿಸರದಲ್ಲಿ ನಡೆದದ್ದು ಇದಕ್ಕೆ ವಿಲೋಮವಾದ ಬದಲಾವಣೆ. ಇಲ್ಲಿ ಪಂಚಾಂಗ ಕದಲಲಿಲ್ಲ. ಅಧಿಕ ಮಾಸದ ಏರ್ಪಾಡಿನಿಂದಾಗಿ ಎಳ್ಳ ಅಮಾವಾಸ್ಯೆ ಇಂದಿಗೂ ಚಳಿಗಾಲದಲ್ಲಿಯೇ ಬರುತ್ತದೆ. ಕದಲಿದ್ದು ಹೊಲದೊಳಗಿನ ಬೆಳೆ.

ಎಳ್ಳ ಅಮಾವಾಸ್ಯೆ ಮೂಲತಃ ಹಿಂಗಾರಿ ಹೊಲದ ಹಬ್ಬ. ಕಪ್ಪು ನೆಲದಲ್ಲಿ ಬಿಳಿಜೋಳ ಹೊಡೆ ತುಂಬಿ ನಿಂತಿರುತ್ತದೆ. ಕಡಲೆ ಕಾಯಿ ಕಟ್ಟಿರುತ್ತದೆ. ಭೂಮಿಯನ್ನು ಬಸುರಿ ಎಂದು ಭಾವಿಸಿ, ಆಕೆಗೆ ಸೀಮಂತದ ಊಟ ಬಡಿಸುವುದೇ ಚರಗ. ಬನ್ನಿ ಗಿಡದ ಬುಡದಲ್ಲಿ ಐದು ಕಲ್ಲುಗಳನ್ನಿಟ್ಟು ಪಾಂಡವರೆಂದು ಪೂಜಿಸಿ, ಹೊಲದ ಸುತ್ತ ಅನ್ನ-ಕಡಬು ಚೆಲ್ಲಿ, ಅನಂತರ ಬಂಧು-ಬಳಗ, ಆಳು-ಮಕ್ಕಳು ಎಲ್ಲರೂ ಹೊಲದಲ್ಲಿಯೇ ಕುಳಿತು ಉಣ್ಣುತ್ತಾರೆ. ಸಜ್ಜಿ ರೊಟ್ಟಿ, ಜೋಳದ ಕಡಬು, ಅಂಬಲಿ, ಶೇಂಗಾ ಹೋಳಿಗೆಗಳ ನಡುವೆ ಮುಖ್ಯ ಸ್ಥಾನ ಭಜ್ಜಿಗೆ. ಹಸಿ ಕಡಲೆ, ತೊಗರಿ, ಅವರೆ, ಮೆಂತ್ಯ ಮೊದಲಾಗಿ ಆ ಹೊತ್ತಿಗೆ ಹೊಲ-ತೋಟಗಳಲ್ಲಿ ಸಿಕ್ಕಿದ್ದೆಲ್ಲವನ್ನೂ ಕೂಡಿಸಿ ಕುದಿಸುವ ಭಜ್ಜಿ ಋತುವಿನ ಪೂರ್ಣ ಪಟ್ಟಿಯೇ ಸರಿ. ಜಪಾನಿನ ಏಳು ಸೊಪ್ಪಿನ ಗಂಜಿಯ ಹಿಂದಿರುವ ಆಶಯವೂ ಇದೇ: ನೆಲ ಇಂದು ಏನು ಕೊಟ್ಟಿದೆಯೋ ಅದನ್ನು ಒಂದೇ ಪಾತ್ರೆಯಲ್ಲಿ ಕಾಣುವುದು.

ಕೃಷ್ಣಾ ಮೇಲ್ದಂಡೆ ಯೋಜನೆಯ ನಾರಾಯಣಪುರ ಅಣೆಕಟ್ಟು 1982ರಲ್ಲಿ ಪೂರ್ಣಗೊಂಡಿತು. ಅದರ ಎಡದಂಡೆಯ ಕಾಲುವೆಗಳ ನೀರು ತಲುಪಿದ ಕಡೆಗಳಲ್ಲಿ ಜೋಳ-ಸಜ್ಜೆಗಳ ಜಾಗಕ್ಕೆ ಭತ್ತ ಮತ್ತು ಹತ್ತಿ ಬಂದವು. ನೀರು ತಂದ ನೆಮ್ಮದಿಯನ್ನು ಅಲ್ಲಗಳೆಯುವಂತಿಲ್ಲ. ಬರದ ನೆನಪಿರುವ ಯಾವ ರೈತನೂ ಕಾಲುವೆಯನ್ನು ಹಳಿಯಲಾರ. ಆದರೆ ಆಚರಣೆಯ ದೃಷ್ಟಿಯಿಂದ ಒಂದು ವಿಪರ್ಯಾಸ ತಲೆದೋರಿದೆ. ಮುಂಗಾರು ಹಂಗಾಮಿನ ಭತ್ತ ಎಳ್ಳ ಅಮಾವಾಸ್ಯೆಯ ಹೊತ್ತಿಗೆ ಕೊಯ್ಲಾಗಿ, ಗದ್ದೆಯಲ್ಲಿ ಕೂಳೆ ಮಾತ್ರ ಉಳಿದಿರುತ್ತದೆ. ಸೀಮಂತದ ದಿನ ಬಂದಾಗ ಹೆರಿಗೆ ಮುಗಿದುಹೋಗಿರುತ್ತದೆ. ಮಳೆಯಾಶ್ರಿತ ಹೊಲಗಳಲ್ಲಿ ಅರ್ಥಪೂರ್ಣವಾಗಿರುವ ಅದೇ ಚರಗ, ಕಾಲುವೆಯಾಚೆಯ ಗದ್ದೆಯಲ್ಲಿ ನೆನಪಿನ ಚರಗವಾಗುತ್ತದೆ.

ತಟ್ಟೆಯ ಧಾನ್ಯವೂ ಬದಲಾಗಿದೆ. ಗದ್ದೆಯ ಭತ್ತದ ಜೊತೆಗೆ 2013ರ ಜುಲೈಯಲ್ಲಿ ಆರಂಭವಾದ ಅನ್ನಭಾಗ್ಯ ಯೋಜನೆಯ ಅಕ್ಕಿಯೂ ರೊಟ್ಟಿಯ ನಾಡಿನ ಬಡವರ ಮನೆಗಳನ್ನು ತಲುಪಿತು. ಹಸಿವಿಗೆ ಅದು ಕೊಟ್ಟ ಉತ್ತರ ದೊಡ್ಡದು. ಇತ್ತ ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿದಾಗ ಜೋಳ-ಸಜ್ಜೆಗಳು ಪೌಷ್ಟಿಕಾಂಶದ ಭಾಷೆಯಲ್ಲಿ ನಗರದ ಅಂಗಡಿಗಳಿಗೆ ಮರಳಿದವು. ಪೊಟ್ಟಣದ ಸಜ್ಜೆಗೆ ಸತ್ವವಿದೆ, ಅದಕ್ಕೆ ಅಮಾವಾಸ್ಯೆಯಿಲ್ಲ.

ಹಾಗೆಂದು ಪರಂಪರೆಯ ಶುದ್ಧ ರೂಪವೊಂದಿತ್ತು, ಅದು ಈಗ ಕೆಟ್ಟಿತು ಎಂದು ತೀರ್ಮಾನಿಸುವುದು ಸರಿಯಲ್ಲ. ಎಳ್ಳ ಅಮಾವಾಸ್ಯೆಯ ಹೋಳಿಗೆಯ ಶೇಂಗಾ, ಖಾರದ ಮೆಣಸಿನಕಾಯಿ ಎರಡೂ ಅಮೆರಿಕ ಖಂಡದಿಂದ ಬಂದವು. ಜಪಾನೀಯರು ಮಕರ ಅಯನದ ದಿನ ತಪ್ಪದೆ ತಿನ್ನುವ ‘ಕಬೋಚಾ’ ಕುಂಬಳವೂ ಹೊರಗಿನದೇ. ಪೋರ್ಚುಗೀಸರ ಮೂಲಕ ಬಂದ ಅದರ ಹೆಸರಿನಲ್ಲಿ ಕಾಂಬೋಡಿಯ ಅಡಗಿದೆ. ಹೊಸ ಬೆಳೆಯನ್ನು ಒಳಗು ಮಾಡಿಕೊಳ್ಳುವ ಶಕ್ತಿ ಋತುಭೋಜನಕ್ಕೆ ಇದೆ. ಆ ಶಕ್ತಿ ಕೂಟದಲ್ಲಿದೆ.

5. ಕೂಟ ಸರಿದಾಗ: ಟೋಕಿಯೊದ ಕನ್ನಡ ಮನೆ

ಸುರಪುರ ಪರಿಸರವು ಪರದೇಶದ ವಾಸಿಯೊಬ್ಬನನ್ನು ಮೊದಲೇ ಕಂಡಿದೆ. ಫಿಲಿಪ್ ಮೆಡೋಸ್ ಟೇಲರ್ (1808-1876) 1841ರಿಂದ 1853ರವರೆಗೆ ಸುರಪುರ ಸಂಸ್ಥಾನದ ವ್ಯವಹಾರಗಳನ್ನು ನೋಡಿಕೊಂಡನು. ಈ ಭಾಗದ ಬೃಹತ್ ಶಿಲಾ ಸಮಾಧಿಗಳನ್ನು ಕುರಿತು ಬರೆದನು. ಅವನ ಆತ್ಮಕಥೆ ಮಗಳ ಸಂಪಾದಕತ್ವದಲ್ಲಿ 1877ರಲ್ಲಿ ಹೊರಬಂದಿತು. ಟೇಲರ್ ಈ ನೆಲಕ್ಕೆ ಬಂದದ್ದು ಅಧಿಕಾರದ ದಾರಿಯಿಂದ. ಜಪಾನಿನ ಕನ್ನಡ ಕುಟುಂಬದ ಸ್ಥಿತಿ ಬೇರೆ. ಅದು ಅಲ್ಲಿ ಅಧಿಕಾರಿಯಲ್ಲ, ನೆರೆಮನೆಯದು. ಪರನಾಡು ಅದಕ್ಕೆ ಪರಿಚಯವಾಗುವುದು ಅಂಗಡಿ, ಶಾಲೆ ಮತ್ತು ಒಲೆಯ ಮೂಲಕ.

2000ದ ಆಸುಪಾಸಿನಲ್ಲಿ ಗಣಕಯಂತ್ರ ತಂತ್ರಜ್ಞರು ಹೆಚ್ಚಿನ ಸಂಖ್ಯೆಯಲ್ಲಿ ಬಂದಂದಿನಿಂದ ಟೋಕಿಯೊದ ಎದೊಗಾವಾ ವಿಭಾಗದ ನಿಶಿ-ಕಸಾಯ್ ಭಾರತೀಯರ ನೆಲೆಯಾಗಿ ಹೆಸರಾಗಿದೆ. ಇಂಥ ನೆಲೆಯ ಕನ್ನಡ ಮನೆಗೆ ಮೊದಲು ಎದುರಾಗುವುದು ತೊಡಕು. ಒಣಮೀನಿನ ಸಾರ ‘ದಾಶಿ’ಯು ಸಾರು, ನೂಡಲ್, ಬೇಯಿಸಿದ ತರಕಾರಿ ಎಲ್ಲದರಲ್ಲಿಯೂ ಇರುವುದರಿಂದ ಸಸ್ಯಾಹಾರಿಗೆ ವರ್ಷಾಂತ್ಯದ ಸೋಬಾ ಕೂಡ ನಿಷಿದ್ಧವಾಗಬಹುದು. ಕಡಲಪಾಚಿಯಾದ ಕೊಂಬುವಿನ ಸಾರ ಮತ್ತು ಬೌದ್ಧ ವಿಹಾರಗಳ ಸಸ್ಯಾಹಾರ ಪದ್ಧತಿ ‘ಶೋಜಿನ್ ರ್‍ಯೋರಿ’ ಅಂಥವರಿಗೆ ದಾರಿ ತೆರೆಯುತ್ತವೆ. ದಾರಿ ತೆರೆದ ಮೇಲೆ ಕಾಣುವುದು ಪರಿಚಿತ ಜಗತ್ತು. ಅಜುಕಿ ಕಾಳನ್ನು ಬೇಯಿಸಿ, ಸಿಹಿ ಬೆರೆಸಿ, ನಾದಿದ ‘ಅಂಕೊ’ ಹೋಳಿಗೆಯ ಹೂರಣದ ನೆಂಟ. ಫೆಬ್ರುವರಿ ಆರಂಭದ ‘ಸೆತ್ಸುಬುನ್’ ದಿನ ಹುರಿದ ಸೋಯಾ ಕಾಳನ್ನು ಬಾಗಿಲ ಹೊರಗೆ ಎರಚಿ ಅನಿಷ್ಟವನ್ನು ಓಡಿಸುವಾಗ, ಹೊಲದಲ್ಲಿ ಚರಗ ಚೆಲ್ಲುವ ಕೈಚಲನೆ ನೆನಪಾಗದಿರದು. ಆಶಯ ಬೇರೆ, ಕೈಯ ಭಾಷೆ ಒಂದೇ. ಅಂದು ವಯಸ್ಸಿಗೆ ತಕ್ಕಷ್ಟು ಕಾಳನ್ನು ಎಣಿಸಿ ತಿನ್ನುವ ಆಟ ಮಕ್ಕಳಿಗೆ ಅನುವಾದವಿಲ್ಲದೆ ಅರ್ಥವಾಗುತ್ತದೆ.

ಪರದೇಶದ ಊಟ ಹೀಗೆ ರುಚಿಸುವುದಕ್ಕೆ ಹೊಸತನದ ಆಕರ್ಷಣೆಯೊಂದೇ ಕಾರಣವಲ್ಲ. ಊಟಕ್ಕೊಂದು ದಿನವಿದೆ ಎಂಬ ವ್ಯಾಕರಣವನ್ನು ಆ ಕುಟುಂಬ ಮೊದಲೇ ಬಲ್ಲದು. ಶಬ್ದಕೋಶ ಮಾತ್ರ ಹೊಸದು. ಜೊತೆಗೆ, ವಲಸೆಯಲ್ಲಿ ಕಳೆದುಹೋದ ಕೂಟವನ್ನು ಪರನಾಡಿನ ಶಾಲೆ ಮತ್ತು ನೆರೆಹೊರೆ ಭಾಗಶಃ ಮರಳಿ ಕೊಡುತ್ತವೆ. ಎಳ್ಳ ಅಮಾವಾಸ್ಯೆಯನ್ನು ಟೋಕಿಯೊದ ಮನೆಯೊಳಗೆ ಒಂದೇ ಕುಟುಂಬ ಆಚರಿಸಬೇಕು. ಅಯನದ ದಿನದ ಕುಂಬಳವನ್ನು ಇಡೀ ಬೀದಿಯೇ ತಿನ್ನುತ್ತಿರುತ್ತದೆ. ಮಕ್ಕಳು ಎರಡನೆಯದನ್ನು ಮೊದಲು ಕಲಿತರೆ ಅದು ಸಂಸ್ಕೃತಿಯ ಮರೆವಲ್ಲ. ಕೂಟವಿರುವ ಕಡೆಗೆ ಆಚರಣೆ ಹರಿಯುತ್ತದೆ ಎಂಬುದಕ್ಕೆ ಅದು ಸಾಕ್ಷಿ.

6. ಗಮನ ಸಿಗದ ವಲಸೆ

ಇಲ್ಲಿ ಒಂದು ಅಸಮಾನತೆಯನ್ನು ಗುರುತಿಸಬೇಕಾಗುತ್ತದೆ. ವಿದೇಶದ ಕನ್ನಡ ಮನೆಯ ಅಡುಗೆಗೆ ‘ಸಂಸ್ಕೃತಿಯ ಉಳಿಕೆ’ ಎಂಬ ಗೌರವ ದೊರೆಯುತ್ತದೆ. ಬೆಂಗಳೂರಿನ ಕಟ್ಟಡ ಕಾಮಗಾರಿಯ ಪಕ್ಕದ ತಗಡಿನ ಶೆಡ್ಡಿನಲ್ಲಿ ರೊಟ್ಟಿ ಬಡಿಯುವ ಶಹಾಪುರದ ತಾಯಿಯ ಒಲೆ ಅಧ್ಯಯನದ ವಸ್ತುವಾಗುವುದು ವಿರಳ. ಆಕೆಗೆ ದಿನ ನೆನಪಿದೆ, ಹೊಲ ದೂರವಿದೆ, ಹಬ್ಬಕ್ಕೆ ರಜೆ ಹಾಕಿದರೆ ಕೂಲಿ ತಪ್ಪುತ್ತದೆ. ಮೂರು ಕೊಂಡಿಗಳಲ್ಲಿ ಎರಡು ಒಮ್ಮೆಲೇ ಕಳಚಿರುವುದು ಆಕೆಯ ಬದುಕಿನಲ್ಲಿ. ಟೋಕಿಯೊದಲ್ಲಿ ನೆರೆಹೊರೆ ನೀಡುವ ಬದಲಿ ಕೂಟ ಶೆಡ್ಡಿನ ಸಾಲಿನಲ್ಲಿ ಸುಲಭವಾಗಿ ದೊರೆಯುವಂಥದ್ದಲ್ಲ.

ಆದರೂ ಗುಳೆ ಹೋದವರು ಊರಿಗೆ ಮರಳುವ ಸಂದರ್ಭಗಳು ವಿಚಾರಯೋಗ್ಯವಾಗಿವೆ. ಯುಗಾದಿ ಮತ್ತು ಊರ ಜಾತ್ರೆಯಂತೆ ಮೊಹರಮ್ಮಿಗೂ ಈ ಭಾಗದ ಜನ ಜಾತಿ-ಮತಗಳ ಭೇದವಿಲ್ಲದೆ ಮರಳುತ್ತಾರೆ. ಮೊಹರಂ ಶುದ್ಧ ಚಾಂದ್ರ ಗಣನೆಯದು. ವರ್ಷಕ್ಕೆ ಸುಮಾರು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತ ಎಲ್ಲ ಋತುಗಳನ್ನೂ ಸುತ್ತುತ್ತದೆ. ಯಾವ ಬೆಳೆಯ ಆಸರೆಯೂ ಇಲ್ಲದ ಆ ಹಬ್ಬದ ಚೋಂಗೆಗೆ ಜನ ನೂರಾರು ಮೈಲಿ ಪ್ರಯಾಣ ಮಾಡುತ್ತಾರೆ. ಕೂಟವೊಂದು ಗಟ್ಟಿಯಾಗಿದ್ದರೆ ಋತುವಿಲ್ಲದೆಯೂ ಆಚರಣೆ ನಿಲ್ಲಬಲ್ಲುದು ಎಂಬುದಕ್ಕೆ ಇದಕ್ಕಿಂತ ಬಲವಾದ ನಿದರ್ಶನ ಈ ಪರಿಸರದಲ್ಲಿ ಇನ್ನೊಂದಿಲ್ಲ.

7. ಉಪಸಂಹಾರ

ಮೇಲಿನ ಚರ್ಚೆಯಿಂದ ಎರಡು ಮಾತುಗಳು ಸ್ಪಷ್ಟವಾಗುತ್ತವೆ. ದಿನ ಸರಿದರೂ, ಬೆಳೆ ಸರಿದರೂ ಋತುಭೋಜನ ಹೊಂದಿಕೊಂಡು ಉಳಿಯಬಹುದು. ಕೂಟ ಸರಿದಾಗ ಉಳಿಯುವುದು ಬರಿಯ ತಿನಿಸು. ಆದುದರಿಂದ ಆಹಾರ ಪರಂಪರೆಯ ರಕ್ಷಣೆ ಎಂದರೆ ಪಾಕವಿಧಾನಗಳ ಸಂಗ್ರಹ ಮಾತ್ರವಲ್ಲ, ಕೂಟದ ರಕ್ಷಣೆಯೂ ಹೌದು.

ಎರಡನೆಯದಾಗಿ, ಜಪಾನಿನ ಶಾಲಾ ಊಟದ ನಿದರ್ಶನ ಈ ಭಾಗಕ್ಕೆ ಅಪರಿಚಿತವಲ್ಲ. 2002ರಲ್ಲಿ 'ಅಕ್ಷರ ದಾಸೋಹ' ಮೊದಲು ಆರಂಭವಾದದ್ದು ಈಶಾನ್ಯ ಕರ್ನಾಟಕದ ಏಳು ಜಿಲ್ಲೆಗಳಲ್ಲಿ. ಅಂದಿನ ಗುಲ್ಬರ್ಗಾ ಜಿಲ್ಲೆ, ಅದರೊಳಗಿನ ಶಹಾಪುರ-ಸುರಪುರಗಳೂ ಅದರಲ್ಲಿ ಸೇರಿದ್ದವು. ಯಾದಗಿರಿ ಜಿಲ್ಲೆ ಬೇರೆಯಾದದ್ದು ಆಮೇಲೆ. ಶರಣರ ನೆಲದ ದಾಸೋಹವೆಂಬ ಪದವನ್ನು ಹೊತ್ತ ಆ ಬಿಸಿಯೂಟದಲ್ಲಿ ಎಳ್ಳ ಅಮಾವಾಸ್ಯೆಯ ಆಸುಪಾಸಿನ ಒಂದು ದಿನ ಸಜ್ಜಿ ರೊಟ್ಟಿ-ಭಜ್ಜಿ, ಪಂಚಮಿಗೆ ಅಳ್ಳು, ಮೊಹರಮ್ಮಿಗೆ ಚೋಂಗೆ ಬಡಿಸುವುದು ಅಸಾಧ್ಯವೇನಲ್ಲ. ತಂದೆ-ತಾಯಿ ಗುಳೆ ಹೋಗಿ ಅಜ್ಜಿಯ ಬಳಿ ಉಳಿದ ಮಗುವಿಗೆ ಆ ಸಾಲು ಪಂಕ್ತಿಯೇ ಕೂಟವಾಗುತ್ತದೆ. ಅದರೊಡನೆ ಹುಣ್ಣಿಮೆ-ಅಮಾವಾಸ್ಯೆಗಳ ದೇಸಿ ಹೆಸರುಗಳನ್ನೂ ಊಟದ ಪದಗಳನ್ನೂ ಊರೂರಿನಿಂದ ದಾಖಲಿಸಿ, ಕನ್ನಡದ್ದೇ ಆದ ಋತುಕೋಶವೊಂದನ್ನು ಸಿದ್ಧಪಡಿಸುವ ಹೊಣೆ ಕನ್ನಡ ಅಧ್ಯಯನ ವಿಭಾಗಗಳ ಮೇಲಿದೆ. ಕಡ್ಲಿಗಡಬು ಮಾಡುವುದನ್ನು ಮರೆತವರು ಮತ್ತೆ ಕಲಿಯಬಹುದು. ಅದಕ್ಕೊಂದು ಹುಣ್ಣಿಮೆಯಿತ್ತು ಎಂಬುದನ್ನೇ ಮರೆತರೆ ಕಲಿಯಬೇಕಾದ ದಿನವೇ ತಿಳಿಯದಾಗುತ್ತದೆ.